ವಾರಸುದಾರರು ಹಾಜರಾಗಿಲ್ಲ

ಬಾಗಲಕೋಟೆ ನವನಗರ, ಕಚೇರಿ ಎದುರು
ಛತ್ರಿ ಕೆಳಗೆ ನನ್ನ ಟೈಪಿಂಗ್ ಮೇಜು.
ಒಂದು ಕಾಲು ಗಿಡ್ಡ, ಅದರಡಿ ಮಡಚಿಟ್ಟ ಯಾರದೋ ಹಳೇ ಅರ್ಜಿ.
ಅಫಿಡವಿಟ್ಟಿಗೆ ಮೂವತ್ತು, ತಪ್ಪು ತಿದ್ದಿದರೆ ಐದು.

ಆವತ್ತು ಗೋಡೆಗೆ ಪಟ್ಟಿ ಅಂಟಿಸಿ ಹೋದರು.
ಮುಳುಗಡೆ ಪರಿಹಾರ, ಠೇವಣಿಯಲ್ಲಿ ಉಳಿದದ್ದು,
ಇನ್ನೂರ ಹದಿಮೂರು ಹೆಸರು.
ಎಲ್ಲಕ್ಕೂ ಒಂದೇ ಷರಾ:
ವಾರಸುದಾರರು ಹಾಜರಾಗಿಲ್ಲ.

ಅಂಟು ಇನ್ನೂ ಹಸಿ. ಆಡೊಂದು ಬಂದು
ಕಡೇ ಪುಟದ ಮೂಲೆ ತಿನ್ನತೊಡಗಿತು.
ಓಡಿಸಲು ಹೋದವಳು ಓದಿದೆ.
ನೂರಾ ನಲವತ್ತಾರು:
ಶಾವಂತ್ರೆವ್ವ ತಂದೆ ಈರಸಂಗಪ್ಪ ನೀಲಗಾರ, ಕಿಲ್ಲಾ ಓಣಿ.
ಕಲ್ಲಿನ ಬಾನಿ ಎರಡು, ನುಗ್ಗೆ ಗಿಡ ಒಂದು.
ಆರು ಸಾವಿರದ ಏಳುನೂರ ನಲವತ್ತು ರೂಪಾಯಿ
ಮೂವತ್ತು ಪೈಸೆ.

ಈರಸಂಗಪ್ಪ ಅಂದರೆ ನಮ್ಮ ಅತ್ತೆಯ ಅಪ್ಪ.
ಆದರೆ ಅತ್ತೆ ಕಾಶವ್ವ.

ಮನೆಗೆ ಬಂದು ಕೇಳಿದೆ, ನಿಮಗೇನು ತಂಗಿ ಇದ್ದಳಾ?
ಬಳ್ಳೊಳ್ಳಿ ಸುಲಿಯುತ್ತಿದ್ದ ಕೈ ನಿಂತಿತು.
‘ಆಕಿ ನಾನ,’ ಅಂದರು.
‘ಅಕ್ಕಿಕಾಳಿನ ದಿನ ಹೆಸರು ಬದಲಿ ಮಾಡಿದ್ರು.
ಹಿರೇ ನೆಗೆಣ್ಣಿನೂ ಶಾವಂತ್ರೆವ್ವ,
ಕರದ್ರ ಇಬ್ಬರೂ ಓ ಅಂತೀವಂತ.
ಆಕಿ ಮುಂದ ಎರಡ ವರ್ಷಕ್ಕ ತೀರಿಕೊಂಡ್ಲು.
ನನ್ನ ಹೆಸರ ಯಾರೂ ತಿರಗಿ ಕೊಡಲಿಲ್ಲ.
ನಾನೂ ಕೇಳಲಿಲ್ಲ.’
ಮತ್ತೆ ಒಂದು ಬಳ್ಳೊಳ್ಳಿ ಸುಲಿದು,
‘ಬಾನಿ ಮಾತ್ರ ಅಪ್ಪ ನನ್ನ ಹೆಸರಿಗೆ ಬರಸಿದ್ದ.
ಅಣ್ಣಗ ನೀಲಿ ಕುದಸಾಕ ಬರತಿರಲಿಲ್ಲ.’

ಗುಮಾಸ್ತ ದಳವಾಯಿ ಒಳ್ಳೆಯವನೇ. ಆದರೂ ಕೇಳಬೇಕಲ್ಲ:
ಈಕೆ ಶಾವಂತ್ರೆವ್ವ ಅನ್ನೋದಕ್ಕೆ ಏನು ದಾಖಲೆ?
ಆಧಾರದಲ್ಲಿ ಕಾಶವ್ವ. ರೇಷನ್ ಕಾರ್ಡಿನಲ್ಲಿ ಕಾಶಿಬಾಯಿ.
ಬ್ಯಾಂಕಿನವರು, ಯಾಕೋ, ಕೌಶಲ್ಯಾ.
ಶಾಲೆ? ಕಲಿತದ್ದು ಒಂದೇ ಇಯತ್ತೆ, ಶಾಲೆ ಹಿನ್ನೀರಿನಲ್ಲಿ.
ಸ್ಥಳ ತೋರಿಸಲು ಬೇಸಿಗೆ ತನಕ ಕಾಯಬೇಕು.
ನೀರು ಇಳಿದಾಗ ಬಾನಿಯ ಅಂಚು ಕಾಣುತ್ತದಂತೆ,
ಮೀನು ಹಿಡಿಯುವವರು ತೆಪ್ಪ ಕಟ್ಟುವುದು ಅದಕ್ಕೇ ಅಂತೆ.

ಬಾಂಡಿನ ಮೇಲೆ ನಾನೇ ಹೊಡೆದೆ:
ಶಾವಂತ್ರೆವ್ವ ಹಾಗೂ ಕಾಶವ್ವ ಹಾಗೂ
ಕಾಶಿಬಾಯಿ ಹಾಗೂ ಕೌಶಲ್ಯಾ,
ಸದರಿ ನಾಲ್ವರೂ ಒಬ್ಬಳೇ ಇದ್ದು...
ದಿನಕ್ಕೆ ಹತ್ತು ಸಲ ಹೊಡೆಯುವ ಸಾಲು.
ಎರಡು ಕಡೆ ತಪ್ಪಿತು ಬೆರಳು.
ಹತ್ತು ರೂಪಾಯಿ ಯಾರನ್ನು ಕೇಳಲಿ?

ಸಾಕ್ಷಿಗೆ ಪಿಂಜಾರ ಇಮಾಮಬಿ ಬಂದಳು,
ಮೊಮ್ಮಗನ ಸ್ಕೂಟರಿನ ಹಿಂದೆ ಅಡ್ಡ ಕೂತು.
ಕಣ್ಣು ಹೋಗಿ ಆರು ವರ್ಷ.
‘ಎಡಗೈ ತಾ,’ ಅಂದಳು.
ಮಣಿಕಟ್ಟಿನ ಸುಟ್ಟ ಕಲೆ ಸವರಿ ನೋಡಿ,
‘ಏನs ಶಾವಂತ್ರೀ, ನುಗ್ಗಿಕಾಯಿ ಕೊಡತೇನಂತ ಹೋದಾಕಿ
ಇವತ್ತ ಬಂದೇನು?’
ದಳವಾಯಿ ಬರೆದುಕೊಂಡ: ಗುರುತಿಸಿದ್ದಾರೆ.

ನಾಲ್ಕು ತಿಂಗಳಿಗೆ ದುಡ್ಡು ಜಮೆ ಆಯಿತು.
ಬಡ್ಡಿ ಅಂದದ್ದಕ್ಕೆ ಅವನು ನಕ್ಕ.
ಅತ್ತೆಯ ತಕರಾರು ಬೇರೆ:
‘ಮೂವತ್ತ ಪೈಸೆ ಎಲ್ಲಿ?’

ಹಣ ತೆಗೆದು ಬರುವಾಗ ಗೋಡೆ ಹತ್ತಿರ ನಿಂತರು.
ಬಿಸಿಲಿಗೆ ಪಟ್ಟಿ ಹಳದಿಯಾಗಿತ್ತು.
‘ಉಳದವರನ್ನ ಓದು.’
ಓದಿದೆ, ಒಂದರಿಂದ.
‘ಇಂವಾ ಇಚಲಕರಂಜಿಗೆ ಹೋದ, ಮಗ್ಗಕ್ಕ. ಮಗಳು ಇಳಕಲ್ಲಾಗ ಅದಾಳ.’
‘ಇಂವಾ ಸತ್ತಾನ. ಹೇಣ್ತಿ ಅದಾಳ, ಬರಕೋ.’
‘ಇವನs ನಮ್ಮ ತಾಮ್ರದ ಕೊಡ ಕದ್ದಾಂವ.’
ಸ್ವಲ್ಪ ಸುಮ್ಮನಿದ್ದು, ‘ಇರಲಿ, ಇವನ್ನೂ ಬರಕೋ.’

ಪ್ಯೂನ್ ಬೀಗದ ಕೈ ಆಡಿಸುತ್ತ ನಿಂತಿದ್ದ.
ನಾವು ಕಡೇ ಪುಟಕ್ಕೆ ಬಂದಿದ್ದೆವು,
ಆಡು ತಿಂದ ಮೂಲೆಗೆ.
ಅಲ್ಲಿ ಉಳಿದದ್ದು ಒಂದು ‘ವ್ವ’,
ಮುಂದೆ ಬಾವಿ ಒಂದು, ತೊಟ್ಟಿಲ ಕೊಂಡಿ ಇದ್ದ ತೊಲೆ ಒಂದು.
ಅತ್ತೆ ಕನ್ನಡಕ ಹಣೆಗೆ ಏರಿಸಿ
ಗೋಡೆಗೆ ಮುಖ ತಾಗುವಷ್ಟು ಬಾಗಿದರು.
‘ತಡಿ,’ ಅಂದರು,
‘ತಡಿ, ನೆನಪ ಆಕ್ಕೈತಿ.’