ಉಪ್ಪಿನ ನಾಲಿಗೆ

ರೇಡಿಯೋದಲ್ಲಿ ಹೇಳಿದರು: ಅಣೆಕಟ್ಟಿನ ಮೂರನೆಯ ಯಂತ್ರ
ಬಿಚ್ಚುತ್ತಾರಂತೆ, ಹನ್ನೆರಡು ದಿನ.
ಕೆಳದಂಡೆಯ ಜನ ಎಚ್ಚರದಿಂದಿರಬೇಕಂತೆ.
ಯಾವುದಕ್ಕೆ ಎಚ್ಚರ ಎಂದು ಹೇಳುವಷ್ಟರಲ್ಲಿ
ಟೊಮೇಟೊ ಪೇಸ್ಟಿನ ಜಾಹೀರಾತು ಬಂತು.

ನನ್ನ ಹೊಲ ನೀರಿನಡಿ ಇದೆ.
ಬೇಲಿಯಿಲ್ಲ, ಕಾಗದಪತ್ರವಿಲ್ಲ;
ನಾಲ್ಕು ಬಿದಿರುಗಳ, ತುದಿಗೆ ನೀಲಿ ಬಟ್ಟೆಯ ಚೂರು.
ವೋಲ್ಟಾದ ಹೆಂಗಸರಿಗೆ ಅಷ್ಟು ಸಾಕು.
ಗಂಡಸರು ಮುಳುಗಿ ತಂದ ಎಳೆಯ ಚಿಪ್ಪುಗಳನ್ನು
ಬುಟ್ಟಿ ಲೆಕ್ಕದಲ್ಲಿ ಕೊಂಡು ಇಲ್ಲಿ ಬಿತ್ತುತ್ತೇವೆ,
ಬಲಿಯಲಿ ಎಂದು ಕಾಯುತ್ತೇವೆ.
ನನ್ನ ಹೆಸರೂ ಅದೇ: ದ್ಜಿಗ್ಬೋದಿ, ತಾಳ್ಮೆ.
ಇಟ್ಟವಳು ಅಜ್ಜಿ. ಸಿಟ್ಟಿನಲ್ಲಿದ್ದಾಗ ಇಟ್ಟಳಂತೆ.

ಮೊದಲ ದಿನ ನೀರು ಮೊಣಕಾಲಷ್ಟು ಇಳಿಯಿತು.
ಎರಡನೆಯ ದಿನ ದೋಣಿಗಳು ಕೆಸರಲ್ಲಿ
ಒಂದಕ್ಕೊಂದು ಒರಗಿ ನಿಂತವು,
ಮದುವೆ ಮುಗಿದ ಮೇಲಿನ ಕುರ್ಚಿಗಳ ಹಾಗೆ.
ಮೂರನೆಯ ದಿನ ಗುಂಡಿಗಳಲ್ಲಿ ಸಿಕ್ಕಿಬಿದ್ದ ತಿಲಾಪಿಯಾ ಮೀನನ್ನು
ಮಕ್ಕಳು ತಟ್ಟೆಯಲ್ಲೇ ಮೊಗೆದರು. ಸಂತೆಯಲ್ಲಿ ಬೆಲೆ ಬಿತ್ತು.
ಹೊಗೆಯೊಲೆಗೆ ಸೌದೆ ಸಾಲದೆ ಅರ್ಧ ಕೊಳೆತವು;
ಬೆಕ್ಕುಗಳೂ ಮುಖ ತಿರುಗಿಸಿದವು.

ಸೆನಾಗ್ಬೆ, ನನ್ನ ತಂಗಿಯ ಮಗ, ಅಲ್ಲೇ ಮೇಲೆ ಕೆಲಸಕ್ಕಿದ್ದಾನೆ.
ಯಂತ್ರದ ಹೊಟ್ಟೆಯೊಳಗೆ ಇಳಿದು
ರೆಕ್ಕೆಗಳ ತುಕ್ಕು ಕೆರೆಯುತ್ತಾನೆ.
ಫೋನಿನಲ್ಲಿ ಹೇಳಿದ: "ಒಳಗೆಲ್ಲ ಚಿಪ್ಪು ಅಂಟಿದೆ, ದೊಡ್ಡಮ್ಮ.
ನಿನ್ನವಲ್ಲ. ಸಣ್ಣವು, ತಿನ್ನಲು ಬಾರದವು.
ಸುತ್ತಿಗೆಯಲ್ಲಿ ಬಡಿದು ಉದುರಿಸುತ್ತೇವೆ."
ಎಷ್ಟು ಬುಟ್ಟಿ, ಎಂದೆ.
ನಕ್ಕ. "ಲಾರಿ ಲೆಕ್ಕ."

ಐದನೆಯ ಬೆಳಗ್ಗೆ ದಾದಾ ಅಬ್ಲಾವಿ
ಎಂದಿನಂತೆ ದಂಡೆಗೆ ಬಂದು, ಕುಕ್ಕರುಗಾಲಲ್ಲಿ ಕೂತು
ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡಳು.
ಉಗುಳಲಿಲ್ಲ.
ಕೆನ್ನೆಯಿಂದ ಕೆನ್ನೆಗೆ ಆಡಿಸಿದಳು,
ಮರೆತ ಹೆಸರೊಂದನ್ನು ವಸಡಿನಲ್ಲಿ ತಡಕುವವಳಂತೆ.
ಆಮೇಲೆ ಹೇಳಿದಳು:
ಬಂದಿದೆ.

ಉಪ್ಪು.
ಕಟ್ಟೆ ಎದ್ದಂದಿನಿಂದ ಕಡಲು ಇಷ್ಟು ದೂರ ಬಂದಿರಲಿಲ್ಲ.
ಅದಕ್ಕೂ ಮುಂಚೆ ಪ್ರತಿ ಬೇಸಿಗೆ ಬರುತ್ತಿತ್ತಂತೆ,
ಸಾಲ ಕೇಳಲು ಬರುವ ನೆಂಟನ ಹಾಗೆ,
ಸದ್ದಿಲ್ಲದೆ, ಹಿತ್ತಲ ಕಡೆಯಿಂದ.
ಅದರ ನಾಲಿಗೆ ತಾಗಿದರೆ ಮಾತ್ರ ಚಿಪ್ಪು ಮರಿಯಿಡುವುದು
ಎಂದು ಅಬ್ಲಾವಿಯ ತಾಯಿ ಹೇಳುತ್ತಿದ್ದಳಂತೆ.
ನಾವು ನಂಬಿರಲಿಲ್ಲ. ನಾವು ಕೊಂಡು ಬೆಳೆಸುವವರು;
ಹುಟ್ಟಿನ ಗೊಡವೆ ನಮಗೇಕೆ.

ಆ ರಾತ್ರಿ ಕರೆಂಟಿರಲಿಲ್ಲ.
ಸೊಂಟದ ನೀರಲ್ಲಿ ಹೋಗಿ ನಿಂತೆ.
ಪಾದದಡಿ ನನ್ನ ಚಿಪ್ಪುಗಳು, ಸಾವಿರವೋ ಎರಡು ಸಾವಿರವೋ,
ಬಾಯಿ ತೆರೆದಿದ್ದವೇನೋ, ಕತ್ತಲಲ್ಲಿ ಏನು ಕಂಡೀತು.
ಬೆಳಗಾದಾಗ ನೀರು ಗಂಜಿಯ ತಿಳಿಯ ಬಣ್ಣಕ್ಕೆ ತಿರುಗಿತ್ತು.
ಅಬ್ಲಾವಿ ಕೋಲು ಅಡ್ಡ ಹಿಡಿದು ನಿಂತಳು,
ಗಂಡಸರನ್ನು ಆ ಕಡೆ ಬಿಡಲಿಲ್ಲ.
ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತ ಹಾಗೆಯೇ ನಿಂತಿದ್ದಳು.

ಹನ್ನೆರಡು ಅಂದದ್ದು ಒಂಬತ್ತಕ್ಕೇ ಮುಗಿಯಿತು.
ಬೇಗ ಮುಗಿಸಿದ್ದಕ್ಕೆ ಬಹುಮಾನವಂತೆ;
ಸೆನಾಗ್ಬೆಗೂ ಒಂದು ಟೀ ಶರ್ಟು.
ಅಲ್ಲಿಯ ಸೈರನ್ ಇಲ್ಲಿಗೆ ಕೇಳಿಸುವುದಿಲ್ಲ.
ನೀರು ಬಂತೆಂದು ನೀರೇ ಬಂದು ಹೇಳಬೇಕು.
ಹೇಳಿತು. ಮರಳು ಹೊತ್ತು ತಂದು ಹೇಳಿತು.

ಮೂರು ಗಳ ಕಿತ್ತುಹೋದವು. ನಾಲ್ಕನೆಯದು ಓರೆಯಾಗಿ ನಿಂತಿದೆ.
ಅದೊಂದರಿಂದ ಉಳಿದ ಮೂಲೆಗಳನ್ನು
ಹೆಜ್ಜೆ ಹಾಕಿ ಹುಡುಕುತ್ತಿದ್ದೇನೆ.
ಪಕ್ಕದ ಅಫೇಫಾ ತನ್ನ ಹೆಜ್ಜೆಯ ಲೆಕ್ಕ ಬೇರೆ ಅನ್ನುತ್ತಾಳೆ.
ಮಾತು ಬಿಟ್ಟು ಹತ್ತು ದಿನವಾಯಿತು.
ಮರಳಿನಡಿ ಮರಿಗಳಿವೆಯೋ ಇಲ್ಲವೋ,
ಇದ್ದರೆ ನನ್ನವೋ ಅವಳವೋ,
ಬೆರಳುಗುರಿಗಿಂತ ಚಿಕ್ಕದರ ಮೇಲೆ ಯಾರು ಹೆಸರು ಬರೆಯುತ್ತಾರೆ.

ದಾದಾ ಅಬ್ಲಾವಿ ಈಗಲೂ ಬರುತ್ತಾಳೆ.
ಬೊಗಸೆ. ಕೆನ್ನೆ.
ಉಗುಳುತ್ತಾಳೆ. ಸಪ್ಪೆ, ಅನ್ನುತ್ತಾಳೆ,
ನಾನೇ ಅಡುಗೆ ಕೆಡಿಸಿದೆನೇನೋ ಎಂಬಂತೆ ನೋಡಿ.

ಸಂಜೆ ಸೆನಾಗ್ಬೆಗೆ ಫೋನು ಮಾಡುತ್ತೇನೆ.
ಊಟ ಆಯಿತೇ, ಟೀ ಶರ್ಟು ಸರಿಹೋಯಿತೇ, ಎಲ್ಲ ಕೇಳಿದ ಮೇಲೆ
ಇದನ್ನೂ ಕೇಳುತ್ತೇನೆ:
ನಾಲ್ಕನೆಯ ಯಂತ್ರಕ್ಕೆ
ತುಕ್ಕು ಯಾವಾಗ ಹಿಡಿಯುತ್ತದೆ?