ರನ್

ಗ್ರಿಮ್ಸ್‌ಬಿಯ ಲಾಂಡ್ರಿ. ಮೀನು ಕಾರ್ಖಾನೆಯ ನಿಲುವಂಗಿಗಳು,
ಎಷ್ಟು ಒಗೆದರೂ ಮೀನೇ.
ಮಂಗಳವಾರ ಪಾಳಿ ಮುಗಿಸಿ ಸೆಲಾಮಾವಿತ್
ಸೋಪಿನ ಡಬ್ಬಿಯ ಮೇಲೆ ನೋಟುಬುಕ್ಕಿಟ್ಟು ಇಂಗ್ಲಿಷ್ ಕಲಿಯುತ್ತಾಳೆ.
ಕಲಿಸುವವಳು ಅಂಗಡಿಯ ಹಿಲ್ಡಾ ಥ್ವೇಟ್ಸ್, ಫೀಸಿಲ್ಲದೆ.

"ಇವತ್ತು ಸುಲಭದ್ದು. ರನ್. ಮೂರೇ ಅಕ್ಷರ."

ಕೆಂಪು ಕಾಲುಚೀಲ ಬಿಳಿ ಹೊದಿಕೆಗೆ ಬಣ್ಣ ಬಿಟ್ಟರೆ ರನ್.
ಥಂಡಿಗೆ ಮೂಗು ಸೋರಿದರೂ ಅದೇ,
ಬಿಸಿಯಾಗುವತನಕ ನಲ್ಲಿಯಲ್ಲಿ ಬಿಟ್ಟ ನೀರೂ ಅದೇ.
ಭಾನುವಾರ ಬಸ್ಸು ರನ್ ಇಲ್ಲ,
ಅಂದರೆ ನಡೆಯುತ್ತಾ ಬರುತ್ತದೆಂದಲ್ಲ,
ಬರುವುದೇ ಇಲ್ಲ.
ಗಂಡ ಸತ್ತಮೇಲೆ ಇಪ್ಪತ್ತೆಂಟು ವರ್ಷ
ಇದೇ ಮುರುಕು ಸ್ಟೂಲಿನ ಮೇಲೆ ಕೂತು
ಹಿಲ್ಡಾ ಮಾಡಿದ್ದೂ ರನ್ನೇ
(ಕನ್ನಡದಲ್ಲಿ ಅಂಗಡಿ ನಡೆದರೆ ಸಾಕು,
ಇಲ್ಲಿ ಓಡಬೇಕು).
ಮಂಡಿನೋವು ಅವಳ ಅಜ್ಜಿಗಿತ್ತು, ತಾಯಿಗಿತ್ತು, ಈಗ ಅವಳಿಗೆ:
ಮೂರು ತಲೆಮಾರು ಓಡಿ ಬಂದಿದೆ
ನಡೆಯಲು ಬಿಡದ ನೋವು.
ಹಿಲ್ಡಾ ನಕ್ಕಳು. ಯಂತ್ರವೂ ಗಡಗಡಿಸಿತು.

ಸೆಲಾಮಾವಿತ್ ಎಲ್ಲವನ್ನೂ ಬರೆದಳು ತನ್ನ ಲಿಪಿಯಲ್ಲಿ,
ಮೊದಲ ಸಾಲು ಖಾಲಿ ಬಿಟ್ಟು.
"ಅಲ್ಲಿ ಕಾಲಿನ ಓಟ ಬರಿ. ಹೇಳಲು ಮರೆತೆ."
"ಅದು ಗೊತ್ತು," ಅಂದಳು.

ಮೆರೆಬ್ ಹೊಳೆ, ಮೊಣಕಾಲುದ್ದ ನೀರು,
ಹಿಂದೆ ಟಾರ್ಚು.
ಓಡು ಅಂದ ಅಣ್ಣ ಟೆಕ್ಲೆ,
ತಮ್ಮ ಭಾಷೆಯಲ್ಲಿ, ಒಂದೇ ಅರ್ಥದಲ್ಲಿ.
ಅಂದು, ತಾನು ನಿಂತ.

ಹಿಲ್ಡಾ ಬಾಯಿ ತೆರೆದಳು, ಮುಚ್ಚಿದಳು.
ಚಿಲ್ಲರೆ ಡಬ್ಬಿ ಅತ್ತ ಸರಿಸಿ
ಮಂಡಿ ಹಿಡಿದು ಪಕ್ಕದಲ್ಲಿ ಬಂದು ಕೂತಳು.

ಡ್ರೈಯರು ಓಡಲು ಇನ್ನೂ
ಒಂಬತ್ತು ನಿಮಿಷವಿತ್ತು.