ಮುಚ್ಚಿದ್ದು

ಮೌಂಟ್ ಐಸಾದಲ್ಲಿ ಬೆಳಗಿನ ನಾಲ್ಕಕ್ಕೇ ಒಲೆ.
ಹೊತ್ತೇರಿದ ಮೇಲೆ ಹಚ್ಚಿದರೆ ಇಡೀ ಮನೆಯೇ ಒಲೆ.

ಹಿಲ್ಕಾಗೆ ಎಂಬತ್ತೊಂದು.
ಅವಳ ಲಟ್ಟಣಿಗೆ ಸಪೂರ, ಎರಡೂ ತುದಿ ಚೂಪು;
ಅದರಡಿ ರೈ ಹಿಟ್ಟು, ರಾಗಿಯ ಬಣ್ಣದ್ದು,
ಎತ್ತಿ ಹಿಡಿದರೆ ಆಚೆಯ ದೀಪ ಕಾಣಬೇಕು.

ಹಾಲಿನಲ್ಲಿ ಬೆಂದ ಅನ್ನಕ್ಕೆ ಬರೀ ಉಪ್ಪು.
ಸಕ್ಕರೆ? ಎಂದೆ.
ಅವಳು ನೋಡಿದ ನೋಟಕ್ಕೆ
ನನ್ನ ಕೈಲಿದ್ದ ಡಬ್ಬಿ ತಾನೇ ಕಪಾಟಿಗೆ ಹೋಯಿತು.

ಹಟ್ಟಿಯ ಚಿನ್ನದ ಗಣಿಯ ಓಣಿಯಲ್ಲಿ
ಕರ್ಜಿಕಾಯಿ ಕಲಿತ ಕೈ ನನ್ನದು.
ಅನ್ನ ಇಟ್ಟದ್ದೇ ತಡ, ಅಂಚಿಗೆ ಅಂಚು ಕೂಡಿಸಿ
ಮುರಿಗೆ ಹಾಕಿ ಮುಗಿಸಿಬಿಡುತ್ತದೆ.
"ಬೇಡ, ಬೇಡ," ಹಿಲ್ಕಾ ಬೆರಳು ತಟ್ಟಿದಳು,
"ಅಂಚಿಗಷ್ಟೇ ನೆರಿಗೆ. ಹೊಟ್ಟೆ ಬಯಲಿಗೆ."
ಅವಳ ಇಂಗ್ಲಿಷೂ ನನ್ನಷ್ಟೇ. ಉಳಿದದ್ದು ಹೆಬ್ಬೆರಳು ಹೇಳಿತು:
ಒತ್ತು, ಸರಿಸು, ಒತ್ತು.

ಮೂವತ್ತಾರರಲ್ಲಿ ಮೂವತ್ತೈದು
ಬಾಯ್ತೆರೆದ ಪುಟ್ಟ ದೋಣಿ.
ಒಂದು ಮಾತ್ರ ಹೇಗೋ ಕರ್ಜಿಕಾಯಿಯೇ ಆಗಿತ್ತು.

ಬಿಸಿ ಬೆಣ್ಣೆಯಲ್ಲಿ ಅದ್ದಿ, ಬಟ್ಟೆ ಹೊದಿಸಿ,
ಬೆಂದ ಮೊಟ್ಟೆ ಬೆಣ್ಣೆಯೊಳಗೆ ಹಿಸುಕುತ್ತ ಕೂತೆವು.
ಕುಲುಮೆಯ ಚಿಮಣಿಯ ತುದಿಗೆ ಬಿಸಿಲು ತಾಗಿತ್ತು.
ಆ ಒಂದನ್ನು ಬಿಸಾಡುತ್ತಾಳೆ ಅಂದುಕೊಂಡೆ.
ಕಪಾಟಿನ ಮೇಲಿಂದ ತೈಸ್ತೊನ ತಗಡಿನ ಡಬ್ಬಿ ಇಳಿಸಿ
ಸೆರಗಿಲ್ಲದವಳು, ಅಂಗಿಯ ತುದಿಯಲ್ಲೇ ತಳ ಒರೆಸಿ,
ಅದನ್ನು ಒಳಗಿಟ್ಟಳು.

"ನಿನ್ನ ಗಂಡ ಎಷ್ಟನೇ ಮಟ್ಟಕ್ಕೆ ಇಳಿಯುತ್ತಾನೆ?"
"ಇಪ್ಪತ್ತೊಂದು."
"ಅಲ್ಲಿ ದೂಳು. ಮುಚ್ಚಿದ್ದೇ ಇರಲಿ.
ನಮ್ಮವನಿಗೂ ಹೀಗೇ ಮಾಡಬಹುದಿತ್ತು.
ನಲವತ್ತು ವರ್ಷ. ಹೊಳೆಯಲೇ ಇಲ್ಲ ನೋಡು."